ಪೆಟ್ರೋಲ್ ಬಂಕಿನ ಬೋರ್ಡಿನಲ್ಲಿ ಬೆಲೆ ಮೂರು ರೂಪಾಯಿ ಏರಿತು, ನಿಮ್ಮ ಖರ್ಚು ಎರಡು ಸಾವಿರ ಏರಿದ್ದು ಹೇಗೆ?

ಪ್ರಶ್ನೆ: ಸರ್, ನಮ್ಮದು ಸುಂಟಿಕೊಪ್ಪದಿಂದ ಐದು ಕಿಲೋಮೀಟರ್ ಒಳಗೆ ಒಂದು ಊರು. ನನ್ನ ಕೆಲಸ ಮಡಿಕೇರಿಯಲ್ಲಿ. ದಿನಾ ಹೋಗಿ ಬರಲು 40 ಕಿಲೋಮೀಟರ್. ಹನ್ನೊಂದು ವರ್ಷದ ಹಳೆಯ ಚಿಕ್ಕ ಪೆಟ್ರೋಲ್ ಕಾರು ಇದೆ. 2024ರ ಬೇಸಿಗೆಯಲ್ಲಿ 1,000 ರೂಪಾಯಿಗೆ ಪೆಟ್ರೋಲ್ ಹಾಕಿಸಿದರೆ ನಾಲ್ಕು ದಿನ ಓಡುತ್ತಿತ್ತು. ಈಗ ಮೂರೇ ದಿನ. ಸಂಬಳ ಮಾತ್ರ ಅಷ್ಟೇ ಇದೆ. ಕಚ್ಚಾ ತೈಲ ಇಳಿದಿದೆ ಅಂತ ಟಿವಿಯಲ್ಲಿ ಹೇಳುತ್ತಾರೆ, ನಮಗೆ ಯಾಕೆ ಇಳಿಯುವುದಿಲ್ಲ? ಕೊಡಗಿನಲ್ಲಿ ಯಾಕೆ ಇನ್ನೂ ಜಾಸ್ತಿ? ಕುಶಾಲನಗರದ ಕಾವೇರಿ ಸೇತುವೆ ದಾಟಿ ಮೈಸೂರು ಜಿಲ್ಲೆಯ ಕೊಪ್ಪದಲ್ಲಿ ಹಾಕಿಸಿದರೆ ಲಾಭವಾ? ಬಂಕಿನವರು ಅಳತೆಯಲ್ಲಿ ಮೋಸ ಮಾಡುತ್ತಾರಾ? ಕಾರು ಮಾರಿ ಎಲೆಕ್ಟ್ರಿಕ್ ಸ್ಕೂಟರ್ ತಗೊಳ್ಳೋಣ ಅಂತಾರೆ ನಮ್ಮ ಯಜಮಾನರು. ಇನ್ನೊಂದು ಮಾತು. ಈ ಮಳೆಗಾಲ ಕಳೆದ ಮೇಲೆ, ಸಂಜೆ ಮನೆಗೆ ಬಂದು ಕಾರು ನಿಲ್ಲಿಸಿದಾಗ ಏನೋ ಸುಟ್ಟ ವಾಸನೆ ಬರುತ್ತದೆ. ಕ್ಲಚ್ ಇರಬೇಕು, ಆಮೇಲೆ ನೋಡೋಣ ಅಂತ ಬಿಟ್ಟಿದ್ದೇವೆ.

ಉತ್ತರ: ನೀವು ಕೊನೆಯಲ್ಲಿ ಸುಮ್ನೆ ಸೇರಿಸಿದ ಆ ಮಾತೇ ನನಗೆ ಮೊದಲು ಕಣ್ಣಿಗೆ ಬಿತ್ತು. ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ಪಾಠ ಮಾಡಿ ನಿವೃತ್ತನಾದವನು ನಾನು. ಸುಟ್ಟ ವಾಸನೆ ಅಂದರೆ ಕಿವಿ ನೆಟ್ಟಗಾಗುತ್ತದೆ. ಆದರೆ ಅದಕ್ಕೂ ಮೊದಲು ನಿಮ್ಮದೇ ಅಂಕಿಗಳನ್ನು ಇಟ್ಟುಕೊಂಡು ಒಂದು ಲೆಕ್ಕ ಹಾಕೋಣ.

ಪೈಸೆ ಬಿಡಿ. 2024ರ ಬೇಸಿಗೆಯಲ್ಲಿ ನಮ್ಮ ಕಡೆ ಲೀಟರಿಗೆ 101 ರೂಪಾಯಿ, ಈಗ 104 ಅಂತ ಇಟ್ಟುಕೊಳ್ಳಿ. ಆಗ 1,000 ರೂಪಾಯಿಗೆ 9.9 ಲೀಟರ್ ಸಿಗುತ್ತಿತ್ತು. ಅದರಲ್ಲಿ ನಾಲ್ಕು ದಿನ, ಅಂದರೆ 160 ಕಿಲೋಮೀಟರ್. ಲೀಟರಿಗೆ 16ರ ಮೇಲೆ ಸ್ವಲ್ಪ. ನಮ್ಮ ಏರು ತಗ್ಗಿನ ರಸ್ತೆಗೆ, ಹಳೆ ಕಾರಿಗೆ, ಇದು ಪರವಾಗಿಲ್ಲ. ಈಗ 1,000 ರೂಪಾಯಿಗೆ 9.6 ಲೀಟರ್. ಮೂರು ದಿನ, 120 ಕಿಲೋಮೀಟರ್. ಲೀಟರಿಗೆ ಹನ್ನೆರಡೂವರೆ!

ಬೆಲೆ ಏರಿದ್ದು ನೂರಕ್ಕೆ ಮೂರು. ನಿಮ್ಮ ಕಾರಿನ ಮೈಲೇಜ್ ಬಿದ್ದದ್ದು ನೂರಕ್ಕೆ ಇಪ್ಪತ್ತಮೂರು.

ತಿಂಗಳಿಗೆ 25 ದಿನ, 1,000 ಕಿಲೋಮೀಟರ್ ಅಂತ ಹಿಡಿಯಿರಿ. ಆಗ ಪೆಟ್ರೋಲ್ ಖರ್ಚು ಸುಮಾರು 6,230 ರೂಪಾಯಿ ಇತ್ತು. ಈಗ 8,320. ಜಾಸ್ತಿಯಾದದ್ದು 2,090 ರೂಪಾಯಿ. ಅದರಲ್ಲಿ ಬೋರ್ಡಿನ ಮೇಲೆ ಏರಿದ ಮೂರು ರೂಪಾಯಿಯ ಪಾಲು ಎಷ್ಟು ಗೊತ್ತಾ? ಸುಮಾರು 185 ರೂಪಾಯಿ. ಉಳಿದ 1,900 ರೂಪಾಯಿ ಹೋಗುತ್ತಿರುವುದು ದಿಲ್ಲಿಗೂ ಅಲ್ಲ, ವಿಧಾನಸೌಧಕ್ಕೂ ಅಲ್ಲ. ನಿಮ್ಮ ಅಂಗಳದಲ್ಲಿ ನಿಂತಿರುವ ಕಾರಿಗೆ ಹೋಗುತ್ತಿದೆ.

ಈಗ ಆ ವಾಸನೆಯ ವಿಷಯಕ್ಕೆ ಬರೋಣ. ಮಡಿಕೇರಿಯಿಂದ ಸುಂಟಿಕೊಪ್ಪಕ್ಕೆ ಬರುವುದು ಇಳಿಜಾರಿನ ದಾರಿ. ಕ್ಲಚ್ ಸುಡುವುದು ಏರುವಾಗ, ಅದೂ ಅರ್ಧ ಕ್ಲಚ್ ಹಿಡಿದು ಲಾರಿ ಹಿಂದೆ ತೆವಳುವಾಗ. ಕ್ಲಚ್ ಆಗಿದ್ದರೆ ಬೆಳಗ್ಗೆ ಮಡಿಕೇರಿ ತಲುಪಿದಾಗ ವಾಸನೆ ಬರಬೇಕಿತ್ತು. ಇಳಿದು ಬಂದ ಮೇಲೆ ಬರುವುದು ಬ್ರೇಕ್ ವಾಸನೆ. ಅದರಲ್ಲೂ ಮಳೆಗಾಲದ ನಂತರ ಶುರುವಾಯಿತು ಅಂದಿರಲ್ಲ, ನನಗೆ ಅನುಮಾನ ಹಿಂದಿನ ಚಕ್ರಗಳ ಮೇಲೆ. ಬ್ರೇಕ್ ಹಿಡಿದುಕೊಂಡಿದೆ. ಗ್ಯಾರೇಜ್ ಭಾಷೆಯಲ್ಲಿ ಬ್ರೇಕ್ ಜಾಮ್.

ಕೊಡಗಿನಲ್ಲಿ ಇದು ಪ್ರತಿ ವರ್ಷದ ಕಥೆ. ನಮ್ಮ ಮನೆಗಳ ಅಂಗಳ ಎಲ್ಲಿ ಸಮತಟ್ಟಾಗಿದೆ ಹೇಳಿ? ರಾತ್ರಿ ಕಾರು ನಿಲ್ಲಿಸಿದ ಕೂಡಲೇ ಹ್ಯಾಂಡ್ ಬ್ರೇಕ್ ಗಟ್ಟಿಯಾಗಿ ಎಳೆಯುತ್ತೇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರಿನ ಕೆಳಗೆ ಸದಾ ನೀರು, ಕೆಸರು. ಹ್ಯಾಂಡ್ ಬ್ರೇಕ್ ಕೇಬಲ್‌ನ ಹೊರಗಿನ ಕವಚದೊಳಗೆ ನೀರು ಇಳಿದು ತುಕ್ಕು ಹಿಡಿಯುತ್ತದೆ. ಲಿವರ್ ಕೆಳಗಿಳಿಸಿದರೂ ಕೇಬಲ್ ಪೂರ್ತಿ ವಾಪಸ್ ಬರುವುದಿಲ್ಲ. ಒಳಗಿನ ಬ್ರೇಕ್ ಶೂ ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ಸವರುತ್ತಲೇ ಇರುತ್ತದೆ. ಕಾರು ಓಡುತ್ತದೆ, ಆದರೆ ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ. ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ, ಯಾಕೆಂದರೆ ದಿನಾ ಸ್ವಲ್ಪ ಸ್ವಲ್ಪ ಜಾಸ್ತಿಯಾಗುತ್ತಾ ಬಂದಿರುತ್ತದೆ. ಕಾಲು ತಾನಾಗಿಯೇ ಆಕ್ಸಿಲರೇಟರ್ ಇನ್ನಷ್ಟು ಒತ್ತುವುದನ್ನು ಕಲಿತಿರುತ್ತದೆ.

ಪರೀಕ್ಷೆ ಸುಲಭ. ನಾಳೆ ಸಂಜೆ ಸುಂಟಿಕೊಪ್ಪದಿಂದ ಮನೆಯ ಐದು ಕಿಲೋಮೀಟರನ್ನು ನಿಧಾನವಾಗಿ, ಬ್ರೇಕ್ ಆದಷ್ಟು ಕಡಿಮೆ ಒತ್ತಿ ಬನ್ನಿ. ಇಳಿದ ತಕ್ಷಣ ಅಂಗೈಯನ್ನಲ್ಲ, ಮುಂಗೈಯ ಹಿಂಬದಿಯನ್ನು ಒಂದೊಂದು ಚಕ್ರದ ರಿಮ್ ಹತ್ತಿರ ಹಿಡಿಯಿರಿ. ಮುಟ್ಟಬೇಡಿ, ಹಿಡಿದುಕೊಂಡಿರುವ ಚಕ್ರ ಆಗಿದ್ದರೆ ಬೊಬ್ಬೆ ಬರುತ್ತದೆ. ನಾಲ್ಕರಲ್ಲಿ ಒಂದು ಮಾತ್ರ ಒಲೆಯ ಹಾಗೆ ಬಿಸಿ ಇದ್ದರೆ ಕಳ್ಳ ಸಿಕ್ಕಿದ ಅಂತ ಲೆಕ್ಕ. ಇನ್ನೂ ಒಂದು ಉಂಟು. ಸಮತಟ್ಟಾದ ಜಾಗದಲ್ಲಿ ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಬಿಟ್ಟು, ಯಜಮಾನರಿಗೆ ಒಬ್ಬರೇ ತಳ್ಳಲು ಹೇಳಿ. ಚಿಕ್ಕ ಕಾರು ಒಬ್ಬರ ಕೈಗೆ ಅಲುಗಬೇಕು. ಬೆವರು ಬಂದರೂ ಅಲುಗದಿದ್ದರೆ ಬ್ರೇಕ್ ಹಿಡಿದಿದೆ.

ಡ್ರಮ್ ಬಿಚ್ಚಿ ಕ್ಲೀನ್ ಮಾಡಿ, ಕೇಬಲ್ ಬದಲಾಯಿಸುವುದು ದೊಡ್ಡ ಕೆಲಸವಲ್ಲ. ಒಂದು ತಿಂಗಳು ವ್ಯರ್ಥವಾಗುವ ಪೆಟ್ರೋಲ್ ದುಡ್ಡಲ್ಲೇ ಮುಗಿಯಬಹುದು. ಮುಂದಿನ ಮಳೆಗಾಲದಿಂದ ರಾತ್ರಿ ಹ್ಯಾಂಡ್ ಬ್ರೇಕ್ ಎಳೆಯಲೇಬೇಡಿ. ಕಾರು ಏರಿಗೆ ಮುಖ ಮಾಡಿದ್ದರೆ ಫಸ್ಟ್ ಗೇರ್, ಇಳಿಜಾರಿಗೆ ಮುಖ ಮಾಡಿದ್ದರೆ ರಿವರ್ಸ್ ಗೇರ್. ಜೊತೆಗೆ ಚಕ್ರಕ್ಕೆ ಒಂದು ಒಳ್ಳೆ ಕಲ್ಲು ಕೊಡಿ. ನಮ್ಮ ಹಿರಿಯರು ಜೀಪಿಗೆ ಕೊಡುತ್ತಿದ್ದ ಅದೇ ಕಲ್ಲು. ಅದನ್ನು ನೋಡಿ ನಗುತ್ತಿದ್ದ ನಾನು ಈಗ ನಾನೇ ಕಲ್ಲು ಹುಡುಕುತ್ತೇನೆ.

ಎಲ್ಲ ತಪ್ಪೂ ಬ್ರೇಕಿನದ್ದೇ ಅಂತ ಹೇಳುತ್ತಿಲ್ಲ. ಸ್ವಲ್ಪ ಪಾಲು ಪೆಟ್ರೋಲಿನದ್ದೂ ಇದೆ. ಈಗ ಬಂಕಿನಲ್ಲಿ ಸಿಗುವುದರಲ್ಲಿ ನೂರಕ್ಕೆ 20 ಭಾಗ ಎಥೆನಾಲ್, ಅಂದರೆ ಕಬ್ಬು, ಧಾನ್ಯದಿಂದ ಮಾಡುವ ಮದ್ಯಸಾರ. ಒಂದು ಲೀಟರ್ ಎಥೆನಾಲ್‌ನಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಹಾಗಾಗಿ ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಹಳೆ ಕಾರುಗಳಲ್ಲಿ ಆರೇಳು ಪರ್ಸೆಂಟ್ ಮೈಲೇಜ್ ಇಳಿಯುತ್ತದೆ. 2021ರಲ್ಲಿ ನೀತಿ ಆಯೋಗದ ವರದಿಯಲ್ಲೂ ಹೆಚ್ಚುಕಡಿಮೆ ಇದೇ ಅಂಕಿ ಇತ್ತು. ಆದರೆ 2024ರಲ್ಲಿ ನೀವು ಹಾಕಿಸುತ್ತಿದ್ದದ್ದೂ ಶುದ್ಧ ಪೆಟ್ರೋಲ್ ಅಲ್ಲ, ಆಗಲೇ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಎಥೆನಾಲ್ ಸೇರಿತ್ತು. ಆದ್ದರಿಂದ ನಿಮ್ಮ ಲೆಕ್ಕದಲ್ಲಿ ಎಥೆನಾಲ್ ತಿಂದದ್ದು ಎರಡು ಪರ್ಸೆಂಟ್, ಹೆಚ್ಚೆಂದರೆ ಮೂರು. ಇಪ್ಪತ್ತಮೂರು ಅಲ್ಲ. ಲೀಟರಿಗೆ ಹಣ ಪೂರ್ತಿ ತಗೊಂಡು ಶಕ್ತಿ ಕಡಿಮೆ ಇರುವುದನ್ನು ಕೊಡುವುದು ಸರಿಯಾ ಅಂತ ಕೇಳಿದರೆ, ಸರಿಯಲ್ಲ ಅಂತಲೇ ನಾನು ಹೇಳುತ್ತೇನೆ. ಮಿಶ್ರಣ ಜಾಸ್ತಿಯಾದಂತೆ ದರ ಇಳಿಯಬೇಕಿತ್ತು.

ಎಥೆನಾಲ್‌ಗೆ ನಮ್ಮ ಊರಿನಲ್ಲಿ ಇನ್ನೊಂದು ತೊಂದರೆ ಇದೆ. ಅದು ನೀರನ್ನು ಎಳೆದುಕೊಳ್ಳುತ್ತದೆ. ನನ್ನ ಹತ್ತಿರ ಒಂದು ಹಳೆ ಪೆಟ್ರೋಲ್ ಜೀಪಿದೆ. ಒಂದು ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ಕಾಲು ಟ್ಯಾಂಕ್ ಪೆಟ್ರೋಲ್ ಇಟ್ಟುಕೊಂಡು ನಿಂತಿತ್ತು. ಟ್ಯಾಂಕಿನ ಮುಚ್ಚಳದ ರಬ್ಬರ್ ವಾಷರ್ ಬಿರುಕು ಬಿಟ್ಟದ್ದು ನಾನು ನೋಡಿರಲಿಲ್ಲ. ದಸರಾ ಹೊತ್ತಿಗೆ ಸ್ಟಾರ್ಟ್ ಮಾಡಿದರೆ ಕೆಮ್ಮಿ ಕೆಮ್ಮಿ ನಿಂತಿತು. ಕೆಳಗಿನ ಪೈಪ್ ಬಿಚ್ಚಿ ಒಂದು ಗಾಜಿನ ಬಾಟಲಿಗೆ ಇಳಿಸಿದೆ. ಮೆಟ್ಟಿಲ ಮೇಲೆ ಬಿಸಿಲಿಗೆ ಇಟ್ಟು ನೋಡಿದರೆ ಎರಡು ಪದರ! ಮೇಲೆ ತೆಳು ಬಣ್ಣದ ಪೆಟ್ರೋಲ್, ಕೆಳಗೆ ಮೂರು ಬೆರಳಷ್ಟು ಮಸುಕಾದ ನೀರು ಮತ್ತು ಎಥೆನಾಲ್. ನಡುವೆ ಗೆರೆ ಎಳೆದ ಹಾಗೆ. ಪಕ್ಕದ ಮನೆ ಹುಡುಗ ಜ್ಯೂಸ್ ಅಂದುಕೊಂಡ. ದಿನಾ ಓಡುವ ನಿಮ್ಮ ಕಾರಿಗೆ ಈ ಭಯ ಇಲ್ಲ. ಆದರೆ ತೋಟದಲ್ಲಿ ಪೆಟ್ರೋಲಿನ ಕಳೆ ಕೊಚ್ಚುವ ಮೆಷಿನ್ ಇದ್ದರೆ, ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ ಇಡಿ.

ಇನ್ನು ನೀವು ಟಿವಿಯಲ್ಲಿ ಕೇಳಿದ ಮಾತು. ಕಚ್ಚಾ ತೈಲ ಇಳಿದರೆ ನಮಗೆ ಯಾಕೆ ಇಳಿಯುವುದಿಲ್ಲ?

ಮೊದಲ ಕಾರಣ ರೂಪಾಯಿ. ತೈಲವನ್ನು ಡಾಲರಿನಲ್ಲಿ ಕೊಳ್ಳುತ್ತೇವೆ, ಅದೂ ನಮಗೆ ಬೇಕಾದದ್ದರಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿ ಹೊರಗಿನದ್ದೇ. 2008ರ ಜುಲೈನಲ್ಲಿ ಕಚ್ಚಾ ತೈಲ ಬ್ಯಾರಲ್‌ಗೆ 147 ಡಾಲರ್ ಮುಟ್ಟಿತ್ತು. ಆಗ ಡಾಲರಿಗೆ ಸುಮಾರು 43 ರೂಪಾಯಿ. ಅಂದರೆ ಬ್ಯಾರಲ್‌ಗೆ 6,300 ರೂಪಾಯಿ. 2025ರ ಅಕ್ಟೋಬರ್ ಹೊತ್ತಿಗೆ 65 ಡಾಲರ್ ಅಂತ ಹಿಡಿಯಿರಿ, ಆಗ ಡಾಲರಿಗೆ 88 ರೂಪಾಯಿ. 5,700 ರೂಪಾಯಿ ಆಯಿತು. ಡಾಲರಿನಲ್ಲಿ ಅರ್ಧಕ್ಕಿಂತ ಕಡಿಮೆ, ನಮ್ಮ ರೂಪಾಯಿಯಲ್ಲಿ ಹೆಚ್ಚುಕಡಿಮೆ ಅಲ್ಲಲ್ಲೇ. ಟಿವಿಯವರು ಡಾಲರ್ ಲೆಕ್ಕ ಹೇಳಿ ಮುಗಿಸುತ್ತಾರೆ, ಈ ಗುಣಾಕಾರ ಮಾಡುವುದಿಲ್ಲ.

ಒಂದು ಬ್ಯಾರಲ್ ಅಂದರೆ 159 ಲೀಟರ್. 5,700ನ್ನು ಭಾಗಿಸಿದರೆ ಕಚ್ಚಾ ತೈಲ ಲೀಟರಿಗೆ 36 ರೂಪಾಯಿ. ಅದನ್ನು ಸಂಸ್ಕರಿಸಿ, ಸಾಗಿಸಿ, ಕಂಪನಿ ತನ್ನ ಲಾಭ ಇಟ್ಟುಕೊಂಡು, ಬಂಕ್ ಮಾಲೀಕರಿಗೆ ನಾಲ್ಕು ರೂಪಾಯಿ ಆಸುಪಾಸು ಕಮಿಷನ್ ಕೊಟ್ಟು ನಿಮ್ಮ ಟ್ಯಾಂಕಿಗೆ ಬರಬೇಕು. ಅದರ ಮೇಲೆ ತೆರಿಗೆ. 2025ರ ಕೊನೆಯಲ್ಲಿ ಕೇಂದ್ರದ ಅಬಕಾರಿ ಸುಂಕ ಲೀಟರಿಗೆ 21 ರೂಪಾಯಿ 90 ಪೈಸೆ ಇತ್ತು. ರಾಜ್ಯದ ಮಾರಾಟ ತೆರಿಗೆ ನೂರಕ್ಕೆ 29.84. ಕೇಂದ್ರದ್ದು ಲೀಟರಿಗೆ ಇಷ್ಟು ಅಂತ ನಿಗದಿ. ರಾಜ್ಯದ್ದು ಪರ್ಸೆಂಟ್ ಲೆಕ್ಕ, ಅದೂ ಕೇಂದ್ರದ ಸುಂಕ ಸೇರಿದ ಬೆಲೆಯ ಮೇಲೆ. ತೆರಿಗೆಯ ಮೇಲೆ ತೆರಿಗೆ. ಆಗ ಎರಡೂ ಸೇರಿ ಸುಮಾರು 45 ರೂಪಾಯಿ ಆಗುತ್ತಿತ್ತು. ಪೆಟ್ರೋಲ್ ಜಿಎಸ್‌ಟಿ ಒಳಗೆ ಬಂದಿಲ್ಲ. ಬರಲು ಎರಡೂ ಕಡೆಯವರಿಗೆ ಮನಸ್ಸಿಲ್ಲ. ಇಷ್ಟು ಸುಲಭವಾಗಿ ವಸೂಲಾಗುವ ತೆರಿಗೆ ಇನ್ನೊಂದಿಲ್ಲ ಅಲ್ವಾ?

ಎರಡನೇ ಕಾರಣ, ಬೆಲೆ ಇಳಿಯುವ ದಾರಿಯಲ್ಲಿ ಕಾಯುವವರು ಜಾಸ್ತಿ. ಪೆಟ್ರೋಲ್ ಬೆಲೆಯ ಮೇಲಿನ ಸರ್ಕಾರದ ಹಿಡಿತ 2010ರ ಜೂನ್‌ನಲ್ಲಿ ಹೋಯಿತು, ಡೀಸೆಲಿನದ್ದು 2014ರ ಅಕ್ಟೋಬರ್‌ನಲ್ಲಿ. 2017ರ ಜೂನ್ 16ರಿಂದ ದಿನಾ ಬೆಳಗ್ಗೆ ಆರಕ್ಕೆ ದರ ಬದಲಾಗುವ ಪದ್ಧತಿ. ಕಾಗದದ ಮೇಲೆ ಇದು ಮಾರುಕಟ್ಟೆ ಬೆಲೆ. ಆದರೆ 2020ರಲ್ಲಿ ಕೊರೊನಾ ಹೊತ್ತಿಗೆ ಕಚ್ಚಾ ತೈಲ ಪಾತಾಳಕ್ಕೆ ಬಿದ್ದಾಗ ಕೇಂದ್ರ ಸುಂಕವನ್ನು ಸುಮಾರು 33 ರೂಪಾಯಿವರೆಗೆ ಏರಿಸಿ ಆ ಲಾಭವನ್ನು ತಾನೇ ತಗೊಂಡಿತು. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಪೆಟ್ರೋಲ್ ನೂರು ದಾಟಿತು. ಆ ವರ್ಷ ನವೆಂಬರ್‌ನಲ್ಲಿ ಕೇಂದ್ರ 5 ರೂಪಾಯಿ ಇಳಿಸಿತು, ರಾಜ್ಯ 7 ರೂಪಾಯಿ ಇಳಿಸಿತು. 2022ರ ಮಾರ್ಚ್ 22ರಿಂದ ಎರಡು ವಾರದಲ್ಲಿ 10 ರೂಪಾಯಿ ಏರಿತು, ಮೇನಲ್ಲಿ ಕೇಂದ್ರ ಮತ್ತೆ 8 ರೂಪಾಯಿ ಸುಂಕ ಇಳಿಸಿತು. ಆಮೇಲೆ ದಿನಾ ಬದಲಾಗಬೇಕಾದ ದರ 2024ರ ಮಾರ್ಚ್‌ವರೆಗೆ ಬಹುತೇಕ ಅಲುಗಲೇ ಇಲ್ಲ. ಆ ಮಾರ್ಚ್‌ನಲ್ಲಿ 2 ರೂಪಾಯಿ ಇಳಿಯಿತು, ಲೋಕಸಭಾ ಚುನಾವಣೆ ಎದುರಿಗಿತ್ತು. ಜೂನ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ತೆರಿಗೆಯನ್ನು 25.92ರಿಂದ 29.84ಕ್ಕೆ ಏರಿಸಿತು, 3 ರೂಪಾಯಿ ಮೇಲೆ ಹೋಯಿತು. ನೀವು ಅನುಭವಿಸಿದ ಮೂರು ರೂಪಾಯಿ ಇದೇ. 2025ರ ಏಪ್ರಿಲ್‌ನಲ್ಲಿ ಕಚ್ಚಾ ತೈಲ ಇಳಿದಾಗ ಕೇಂದ್ರ ಸುಂಕ 2 ರೂಪಾಯಿ ಏರಿಸಿತು. ಬಂಕಿನ ದರ ಏರಲಿಲ್ಲ, ಕಂಪನಿಗಳ ಲಾಭದಲ್ಲಿ ಮುರಿದುಕೊಂಡರು. ಇಳಿಯಬೇಕಾದ ಎರಡು ರೂಪಾಯಿ ನಿಮಗೆ ಕಾಣದೆಯೇ ಹೋಯಿತು ಅಷ್ಟೇ. ಯಾವ ಪಕ್ಷದ ಪರವಾಗಿಯೂ ಇದನ್ನು ಹೇಳುತ್ತಿಲ್ಲ. ಏರಿಸಿದವರ ಪಟ್ಟಿಯಲ್ಲಿ ಎಲ್ಲರೂ ಇದ್ದಾರೆ.

ಕೊಡಗಿನಲ್ಲಿ ಜಾಸ್ತಿ ಯಾಕೆ ಅನ್ನುವುದಕ್ಕೆ ಉತ್ತರ ಚಿಕ್ಕದು. ರಾಜ್ಯದ ತೆರಿಗೆ ಎಲ್ಲ ಜಿಲ್ಲೆಗೂ ಒಂದೇ. ವ್ಯತ್ಯಾಸ ಸಾಗಾಟದ್ದು. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ತೈಲದ ಪೈಪ್‌ಲೈನ್ ಇದೆ, ನಮ್ಮ ಜಿಲ್ಲೆಗೆ ಇಲ್ಲ. ರೈಲೂ ಇಲ್ಲ. ಪ್ರತಿ ಹನಿಯೂ ಟ್ಯಾಂಕರ್ ಲಾರಿಯಲ್ಲಿ ಏರು ಹತ್ತಿ ಬರಬೇಕು. ಆ ಲಾರಿಯ ಡೀಸೆಲನ್ನೂ ನಾವೇ ಕೊಡುತ್ತೇವೆ. ಹೀಗಾಗಿ ಬೆಂಗಳೂರಿಗಿಂತ ಒಂದು ರೂಪಾಯಿ ಆಚೀಚೆ ಜಾಸ್ತಿ.

ಕೊಪ್ಪಕ್ಕೆ ಹೋಗಿ ಹಾಕಿಸುವ ವಿಷಯ. ಅಲ್ಲಿ ಲೀಟರಿಗೆ ಒಂದು ರೂಪಾಯಿ ಪೂರ್ತಿ ಕಡಿಮೆ ಇದೆ ಅಂತಲೇ ಇಟ್ಟುಕೊಳ್ಳಿ. 20 ಲೀಟರ್ ಹಾಕಿಸಿದರೆ ಉಳಿತಾಯ 20 ರೂಪಾಯಿ. ಸರಿಯಾಗಿರುವ ಕಾರಿಗೂ ಕಿಲೋಮೀಟರಿಗೆ ಆರೂವರೆ ರೂಪಾಯಿ ಪೆಟ್ರೋಲ್ ಬೇಕು. ಮೂರು ಕಿಲೋಮೀಟರ್ ಹೆಚ್ಚಿಗೆ ಓಡಿದರೆ ಲಾಭ ಮುಗಿಯಿತು. ಕುಶಾಲನಗರ ಸಂತೆಗೋ ಆಸ್ಪತ್ರೆಗೋ ಹೇಗೂ ಹೋಗಿದ್ದರೆ ದಾಟಿ ಹಾಕಿಸಿಕೊಂಡು ಬನ್ನಿ, ಅದಕ್ಕೆಂದೇ ಹೋಗಬೇಡಿ. ವಿರಾಜಪೇಟೆ ಕಡೆಯವರು ಇನ್ನೊಂದು ಕೇಳುತ್ತಾರೆ, ಕೇರಳ ಕರಾವಳಿಯ ಮಾಹೆಯಲ್ಲಿ ಅಗ್ಗವಂತೆ ಅಲ್ವಾ ಅಂತ. ಅಗ್ಗ ಹೌದು, ಅದು ಪುದುಚೇರಿಗೆ ಸೇರಿದ್ದು, ತೆರಿಗೆ ಕಡಿಮೆ. ಆದರೆ ಮಾಕುಟ್ಟ ಘಾಟಿ ಇಳಿದು ಮತ್ತೆ ಏರಿ ಬರುವಷ್ಟರಲ್ಲಿ ಉಳಿಸಿದ್ದು ಹೊಗೆ ಕೊಳವೆಯಲ್ಲಿ ಹೋಗಿರುತ್ತದೆ.

ಬಂಕಿನ ಅಳತೆ ಬಗ್ಗೆ ಅನುಮಾನ ಇದ್ದರೆ ಜಗಳ ಬೇಡ, 5 ಲೀಟರ್ ಮಾಪನ ಕೇಳಿ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುವ ಕ್ಯಾನ್ ಪ್ರತಿ ಬಂಕಿನಲ್ಲೂ ಇರಬೇಕು, ಗ್ರಾಹಕರು ಕೇಳಿದರೆ ಅಳೆದು ತೋರಿಸಬೇಕು. 5 ಲೀಟರಿಗೆ 25 ಎಂಎಲ್ ಆಚೀಚೆ ಆಗಬಹುದು, ಅದಕ್ಕಿಂತ ಜಾಸ್ತಿ ಆಗಬಾರದು. ಆದರೆ ನಿಮ್ಮ ಲೆಕ್ಕ ನೋಡಿ. ಮೋಸದಿಂದಲೇ ಮೈಲೇಜ್ ಇಷ್ಟು ಬೀಳಬೇಕಾದರೆ 9.6 ಲೀಟರಿನಲ್ಲಿ 2 ಲೀಟರಿಗಿಂತ ಜಾಸ್ತಿ ಕದಿಯಬೇಕು. ಅಷ್ಟು ಧೈರ್ಯ ಯಾರಿಗೂ ಇರಲಾರದು. ಇನ್ನು 500ರ ಬದಲು 510 ರೂಪಾಯಿಗೆ ಹಾಕಿಸುವುದು, ಬೆಳಗ್ಗೆ ತಂಪು ಹೊತ್ತಿನಲ್ಲಿ ಹಾಕಿಸಿದರೆ ಜಾಸ್ತಿ ಬರುತ್ತದೆ ಅನ್ನುವುದು, ಇವೆಲ್ಲ ವಾಟ್ಸಾಪ್ ಪಾಂಡಿತ್ಯ. ಬಂಕಿನ ಟ್ಯಾಂಕ್ ನೆಲದೊಳಗಿದೆ. ಮಡಿಕೇರಿಯ ಮಂಜು ಅಲ್ಲಿಗೆ ಇಳಿಯುವುದಿಲ್ಲ.

ನಮ್ಮ ಏರು ತಗ್ಗಿನ ಲೆಕ್ಕ ನನಗೆ ಬಹಳ ಇಷ್ಟದ್ದು, ಅದನ್ನು ಹೇಳದೆ ಬಿಡಲಾರೆ. ಸಂಪಾಜೆಯಿಂದ ಮಡಿಕೇರಿಗೆ ಎತ್ತರದಲ್ಲಿ ಸುಮಾರು ಒಂದು ಕಿಲೋಮೀಟರ್ ಏರಬೇಕು. ಜನ ಸೇರಿ ಒಂದು ಟನ್ ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾಗುವ ಪೆಟ್ರೋಲ್ ಎಷ್ಟು? ಪೆಟ್ರೋಲ್‌ನಲ್ಲಿರುವ ಶಕ್ತಿಯಲ್ಲಿ ನಾಲ್ಕನೇ ಒಂದು ಭಾಗ ಮಾತ್ರ ಚಕ್ರಕ್ಕೆ ಸಿಗುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಹಾಗೆ ನೋಡಿದರೆ ಎತ್ತುವುದಕ್ಕೇ ಒಂದೂಕಾಲು ಲೀಟರ್ ಬೇಕು. 125 ರೂಪಾಯಿ ಆಸುಪಾಸು. ಸಮತಟ್ಟು ರಸ್ತೆಯಲ್ಲಿ ಓಡುವ ಖರ್ಚು ಬೇರೆ. ಡಿಕ್ಕಿಯಲ್ಲಿ ಮರೆತು ಬಿಟ್ಟ 50 ಕೆಜಿ ಗೊಬ್ಬರದ ಚೀಲ ಇದ್ದರೆ ಅದು ಪ್ರತಿ ಸಲ ಘಟ್ಟ ಹತ್ತುವಾಗಲೂ ಆರು ರೂಪಾಯಿ ಟಿಕೆಟ್ ತಗೊಳ್ಳುತ್ತದೆ. ನಿಮ್ಮ ದಾರಿಯಲ್ಲಿ ಏರು ಇದರ ಕಾಲು ಭಾಗ ಅಂತ ಹಿಡಿದರೂ ದಿನಾ ಬೆಳಗ್ಗೆ ಎತ್ತುವುದಕ್ಕೇ 30 ರೂಪಾಯಿ.

ಆ 30 ರೂಪಾಯಿ ಸುಮ್ನೆ ಹೋಗುವುದಿಲ್ಲ. ಸಂಜೆ ಇಳಿಯುವಾಗ ಒಂದಷ್ಟು ವಾಪಸ್ ಬರುತ್ತದೆ. ನಿಮ್ಮ ಕಾರು ಫ್ಯೂಯೆಲ್ ಇಂಜೆಕ್ಷನ್ ಇರುವುದು. ಗೇರಿನಲ್ಲಿ ಇಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಂಜಿನ್ನಿಗೆ ಪೆಟ್ರೋಲ್ ಪೂರ್ತಿ ನಿಲ್ಲುತ್ತದೆ. ಚಕ್ರವೇ ಇಂಜಿನ್ನನ್ನು ತಿರುಗಿಸುತ್ತದೆ. ನಮ್ಮಲ್ಲಿ ಬಹಳ ಜನ ಉಳಿತಾಯ ಅಂತ ನ್ಯೂಟ್ರಲ್‌ಗೆ ಹಾಕಿ ಇಳಿಯುತ್ತಾರೆ. ನ್ಯೂಟ್ರಲ್‌ನಲ್ಲಿ ಇಂಜಿನ್ ನಿಲ್ಲದಿರಲು ಗಂಟೆಗೆ ಅರ್ಧ ಲೀಟರಿಗಿಂತ ಜಾಸ್ತಿ ಕುಡಿಯುತ್ತದೆ. ಪೆಟ್ರೋಲೂ ಹೋಯಿತು, ಇಂಜಿನ್ನಿನ ಹಿಡಿತವೂ ಹೋಯಿತು, ಎಲ್ಲ ಭಾರ ಬ್ರೇಕ್ ಮೇಲೆ. ಬ್ರೇಕ್ ಕಾದು ಹಿಡಿಯುವುದನ್ನೇ ಬಿಟ್ಟರೆ ಮುಂದಿನ ತಿರುವಿನಲ್ಲಿ ಕಾಡು. ನಿಮ್ಮ ಕಾರಿನಲ್ಲಂತೂ ಈಗಾಗಲೇ ಒಂದು ಬ್ರೇಕ್ ಬಿಸಿ ಇದೆ, ದಯವಿಟ್ಟು ಆ ಸಾಹಸ ಮಾಡಬೇಡಿ. ಹತ್ತುವಾಗ ಯಾವ ಗೇರ್ ಬೇಕೋ ಇಳಿಯುವಾಗಲೂ ಅದೇ ಗೇರ್ ಅಂತ ಲಾರಿ ಡ್ರೈವರ್‌ಗಳು ಹೇಳುವುದು ಸರಿ. ಟೈರ್ ಗಾಳಿ ವಾರಕ್ಕೊಮ್ಮೆ ನೋಡಿಸಿ, ಬಂಕಿನಲ್ಲಿ ಅದಕ್ಕೆ ದುಡ್ಡಿಲ್ಲ.

ಸ್ಕೂಟರ್ ವಿಷಯದಲ್ಲಿ ನಿಮ್ಮ ಯಜಮಾನರ ಲೆಕ್ಕ ತಪ್ಪಲ್ಲ. ಎಲೆಕ್ಟ್ರಿಕ್ ಸ್ಕೂಟರಿಗೆ ನಮ್ಮ ರಸ್ತೆಯಲ್ಲಿ 1,000 ಕಿಲೋಮೀಟರಿಗೆ 40 ಯೂನಿಟ್ ಕರೆಂಟ್ ಬೇಕಾಗಬಹುದು. ಯೂನಿಟ್‌ಗೆ 7 ರೂಪಾಯಿ ಹಿಡಿದರೂ 280 ರೂಪಾಯಿ. ಕಾರು ಸರಿಯಾದ ಮೇಲೂ ನಿಮಗೆ ತಿಂಗಳಿಗೆ 6,400 ರೂಪಾಯಿ ಬೇಕು. ತಿಂಗಳಿಗೆ 6,100 ಉಳಿತಾಯ ಅಂದರೆ ಯಾರಿಗೆ ಬೇಡ? ಗೃಹಜ್ಯೋತಿ ಇರುವ ಮನೆಯಾದರೆ ನಿಮ್ಮ ಉಚಿತ ಮಿತಿ ಎಷ್ಟಿದೆ ನೋಡಿಕೊಳ್ಳಿ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಬರುತ್ತದೆ.

ಆದರೆ ಜುಲೈ ತಿಂಗಳನ್ನು ನೆನಪಿಸಿಕೊಳ್ಳಿ. ಬೆಳಗ್ಗೆ ಎಂಟೂವರೆ. ಮುಂದಿನ ವಾಹನದ ಲೈಟ್ ಕಾಣದಷ್ಟು ಮಂಜು, ಅಡ್ಡ ಮಳೆ, ರಸ್ತೆ ಮೇಲೆ ಬಿದ್ದ ಮರದ ಕೊಂಬೆ. ರೈನ್ ಕೋಟ್ ಒಳಗೂ ನೀರು. ಆ ರಸ್ತೆಯಲ್ಲಿ ಸ್ಕೂಟರಿನಲ್ಲಿ ಇಪ್ಪತ್ತು ಕಿಲೋಮೀಟರ್ ಏರುವುದು ನಾಲ್ಕು ತಿಂಗಳು ಮಾಡುವ ಕೆಲಸವಲ್ಲ. ಮರ ಬಿದ್ದು ಲೈನ್ ಹರಿದರೆ ಒಳಗಿನ ಊರುಗಳಲ್ಲಿ ಎರಡು ಮೂರು ದಿನ ಕರೆಂಟಿಲ್ಲ. ಚಾರ್ಜ್ ಎಲ್ಲಿ? ಹಾಗಾಗಿ ನನ್ನ ಸಲಹೆ, ಸ್ಕೂಟರ್ ತಗೊಳ್ಳುವುದಾದರೆ ಕಾರು ಇಟ್ಟುಕೊಂಡೇ ತಗೊಳ್ಳಿ. ನವೆಂಬರ್‌ನಿಂದ ಮೇವರೆಗೆ ಏಳು ತಿಂಗಳು ಸ್ಕೂಟರ್, ಮಳೆಯಲ್ಲಿ ಕಾರು. ಏಳು ತಿಂಗಳಿಗೆ 42,000 ರೂಪಾಯಿ ಉಳಿದರೆ 1,20,000ದ ಸ್ಕೂಟರ್ ಮೂರು ವರ್ಷದೊಳಗೆ ತನ್ನ ದುಡ್ಡು ತಾನೇ ಕೊಡುತ್ತದೆ. ಬ್ಯಾಟರಿ ವಾರಂಟಿ ಅದಕ್ಕಿಂತ ಕಡಿಮೆ ಇರುವ ಗಾಡಿ ಬೇಡ. ಹನ್ನೊಂದು ವರ್ಷದ ಕಾರು ಮಾರಿದರೆ ಬರುವುದಾದರೂ ಎಷ್ಟು? ಅದೂ ಬ್ರೇಕ್ ಹಿಡಿದುಕೊಂಡಿರುವ ಕಾರು.

ಸಾಲ ಮಾಡಿ ಸ್ಕೂಟರ್ ತರುವ ಮೊದಲು ಬಸ್ಸು ಒಮ್ಮೆ ನೋಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ, ಅಂದರೆ ನಿಮಗೆ, ಟಿಕೆಟ್ ದುಡ್ಡಿಲ್ಲ. ಕೊಡಗಿನಲ್ಲಿ ಒಳ ರಸ್ತೆಗಳಲ್ಲಿ ಹೆಚ್ಚಿನವು ಖಾಸಗಿ ಬಸ್ಸು, ಅಲ್ಲಿ ಇದು ನಡೆಯುವುದಿಲ್ಲ. ಆದರೆ ಸುಂಟಿಕೊಪ್ಪ ಇರುವುದು ಮೈಸೂರು ಮಡಿಕೇರಿ ಹೆದ್ದಾರಿಯ ಮೇಲೆ, ಸರ್ಕಾರಿ ಬಸ್ಸು ಓಡುವ ದಾರಿ. ಸುಂಟಿಕೊಪ್ಪದವರೆಗೆ ಕಾರಿನಲ್ಲಿ ಬಂದು, ಗೊತ್ತಿದ್ದವರ ಅಂಗಡಿ ಪಕ್ಕ ನಿಲ್ಲಿಸಿ ಬಸ್ಸು ಹತ್ತಿದರೆ ದಿನಕ್ಕೆ 30 ಕಿಲೋಮೀಟರ್ ಉಳಿಯಿತು. ವಾರಕ್ಕೆ ಎರಡೇ ದಿನ ಮಾಡಿದರೂ ತಿಂಗಳಿಗೆ 1,500 ರೂಪಾಯಿ. ಅದೇ ದಾರಿಯಲ್ಲಿ ಕೆಲಸಕ್ಕೆ ಹೋಗುವ ಗೆಳತಿಯರು ಇದ್ದರೆ ಒಂದು ವಾರ ನಿಮ್ಮ ಕಾರು, ಒಂದು ವಾರ ಅವರದು. ದುಡ್ಡು ತಗೊಂಡು ಕೂರಿಸಿಕೊಳ್ಳಬೇಡಿ, ಬಿಳಿ ಬೋರ್ಡಿನ ಕಾರಿಗೆ ಅದು ಕಾನೂನಿನಲ್ಲಿ ತೊಡಕು.

ನಿಮಗೆ ಇಷ್ಟಾದರೂ ದಾರಿಗಳಿವೆ. ಸುಂಟಿಕೊಪ್ಪ ಸ್ಟ್ಯಾಂಡಿನಲ್ಲಿ ನಿಂತಿರುವ ಆಟೋದವರನ್ನು ನೋಡಿ. ಒಳಗಿನ ಊರಿಗೆ ಬಾಡಿಗೆ ಹೋದರೆ ವಾಪಸ್ ಖಾಲಿ. ಒಂದು ಕಿಲೋಮೀಟರ್ ಬಾಡಿಗೆಗೆ ಎರಡು ಕಿಲೋಮೀಟರ್ ಪೆಟ್ರೋಲ್. ಹತ್ತು ರೂಪಾಯಿ ಜಾಸ್ತಿ ಕೇಳಿದರೆ ಜನ ನಡೆದೇ ಹೋಗುತ್ತಾರೆ. ತೋಟಕ್ಕೆ ಆಳುಗಳನ್ನು ಕರೆತರುವ ಪಿಕಪ್ಪಿನವರಿಗೆ ಡೀಸೆಲ್ ತೆರಿಗೆ 2025ರ ಏಪ್ರಿಲ್‌ನಲ್ಲಿ 18.44ರಿಂದ 21.17ಕ್ಕೆ ಏರಿ ಲೀಟರಿಗೆ ಎರಡು ರೂಪಾಯಿ ಬಿತ್ತು. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ಹಾಕುವ ಸಣ್ಣ ಬೆಳೆಗಾರರಿಗೂ ಅದೇ ಡೀಸೆಲ್. ಕಾಫಿಗೆ ಒಳ್ಳೆ ರೇಟಿದ್ದರೆ ತೋಟದವರಿಗೆ ಇದು ಕಾಣುವುದಿಲ್ಲ, ಪಿಕಪ್ಪಿನವರಿಗೆ ಕಾಣುತ್ತದೆ.

ಈಗ ನೀವು ಮಾಡಬೇಕಾದದ್ದು. ಗ್ಯಾರೇಜಿಗೆ ಹೋದಾಗ ಕ್ಲಚ್ ಪ್ಲೇಟ್ ಹೋಗಿದೆ ಅಂತ ನೀವಾಗಿ ಹೇಳಬೇಡಿ. ಹೇಳಿದರೆ ಅದನ್ನೇ ಬದಲಾಯಿಸಿ ಸಾವಿರಾರು ರೂಪಾಯಿ ಬಿಲ್ ಕೊಡುತ್ತಾರೆ, ವಾಸನೆ ಹಾಗೇ ಇರುತ್ತದೆ. ಜಾಕ್ ಹಾಕಿ ನಾಲ್ಕೂ ಚಕ್ರವನ್ನು ಕೈಯಲ್ಲಿ ತಿರುಗಿಸಿ ತೋರಿಸಿ ಅನ್ನಿ, ಪಕ್ಕದಲ್ಲೇ ನಿಂತು ನೋಡಿ. ಬ್ರೇಕ್ ಸರಿಯಾದ ಮೇಲೆ 1,000 ರೂಪಾಯಿಯ ಲೆಕ್ಕ ಬಿಟ್ಟುಬಿಡಿ. ಒಂದು ಸಲ ಪಂಪ್ ತಾನಾಗಿ ನಿಲ್ಲುವವರೆಗೆ ಫುಲ್ ಟ್ಯಾಂಕ್ ಮಾಡಿಸಿ ಮೀಟರಿನ ಕಿಲೋಮೀಟರ್ ಬರೆದಿಡಿ. ಮುಂದಿನ ಸಲ ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸಿದಾಗ ಎಷ್ಟು ಲೀಟರ್ ಹಿಡಿಯಿತು ನೋಡಿ, ಓಡಿದ ಕಿಲೋಮೀಟರನ್ನು ಅದರಿಂದ ಭಾಗಿಸಿ. ಹೀಗೆ ಮೂರು ಸಲ ಮಾಡಿ ಆ ಅಂಕಿಗಳನ್ನು ನನಗೆ ಬರೆಯಿರಿ. ಲೀಟರಿಗೆ 15 ದಾಟದಿದ್ದರೆ ಏರ್ ಫಿಲ್ಟರ್, ಪ್ಲಗ್, ಆಕ್ಸಿಜನ್ ಸೆನ್ಸರ್ ಒಂದೊಂದಾಗಿ ನೋಡೋಣ.